ಹಾಸ್ಟೆಲ್ ಬೋರ್‌ವೆಲ್ ಪಠ್ಯಕ್ರಮದ ಹೊರಗಿದೆಯೇ?

ಮಾನ್ಯ ಕುಲಸಚಿವರೇ,

ರಸಾಯನಶಾಸ್ತ್ರ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಕಲಿಸುತ್ತಿದ್ದ 'ಜೈವಿಕ ಭೂರಾಸಾಯನಿಕ ಚಕ್ರಗಳು' ಎಂಬ ಕೋರ್ಸನ್ನು ತಾವು ಎರಡು ಸಾಲಿನ ಸುತ್ತೋಲೆಯಲ್ಲಿ ಮುಗಿಸಿದ್ದೀರಿ. ಕಾರಣ, 'ಪ್ರಸ್ತುತತೆಯ ಕೊರತೆ'. ಸಾರಜನಕ ಗಾಳಿಯಿಂದ ಮಣ್ಣಿಗೆ, ಮಣ್ಣಿನಿಂದ ನೀರಿಗೆ, ನೀರಿನಿಂದ ನಮ್ಮ ಮೈಗೆ ಹೇಗೆ ಬರುತ್ತದೆಂದು ತಿಳಿಸುವ ಪಾಠವದು. ನೀರು ಕುಡಿಯುವವರಿಗಷ್ಟೇ ಪ್ರಸ್ತುತ. ತಮ್ಮ ಮೇಜಿಗೆ ಸೀಲು ಮಾಡಿದ ಬಾಟಲಿಯೇ ಬರುವುದರಿಂದ ತಮಗೆ ಹಾಗನ್ನಿಸಿದ್ದು ಸಹಜ.

ಕಳೆದ ವರ್ಷ ಈ ಕೋರ್ಸಿಗೆ ಇದ್ದದ್ದು ಏಳೇ ಮಂದಿ. ಅವರಲ್ಲೊಬ್ಬಳು ಬಸ್ ಕಂಡಕ್ಟರರ ಮಗಳು. ಮಾತು ಕಡಿಮೆ, ಬರೆದ ಅಂಕಿಯನ್ನು ಮೂರು ಸಲ ನೋಡುವವಳು. ತನ್ನ ಪ್ರಾಜೆಕ್ಟಿಗೆಂದು ಮಹಿಳಾ ಹಾಸ್ಟೆಲ್ಲಿನ ಬೋರ್‌ವೆಲ್ ನೀರು ಪರೀಕ್ಷಿಸಿದಳು. ನೈಟ್ರೇಟ್ ಇರಬೇಕಾದ್ದಕ್ಕಿಂತ ಮೂರು ಪಟ್ಟು ಹೆಚ್ಚಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಬಿರುಕುಬಿಟ್ಟ ಶೌಚಗುಂಡಿ. ವರದಿ ತಮ್ಮ ಕಚೇರಿಗೆ ಬಂತು. 'ಸದರಿ ವಿಷಯ ಪಠ್ಯಕ್ರಮದ ವ್ಯಾಪ್ತಿಗೆ ಬರುವುದಿಲ್ಲ' ಎಂದು ಉತ್ತರ ಹೋಯಿತು. ಶೌಚಗುಂಡಿಗೆ ಪಠ್ಯಕ್ರಮದ ಗಡಿ ಗೊತ್ತಿರಲಿಲ್ಲ, ಸೋರುತ್ತಲೇ ಇತ್ತು.

ಹಾಸ್ಟೆಲ್ಲಿನ ಅಡುಗೆಯಮ್ಮನ ಮಗಳು ಆಗಷ್ಟೇ ಎರಡು ತಿಂಗಳ ಕೂಸನ್ನೆತ್ತಿಕೊಂಡು ತಾಯಿಯ ಕೋಣೆಗೆ ಬಂದಿದ್ದಳು. ಎದೆಹಾಲು ಸಾಲದೆ ಅದೇ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸುತ್ತಿದ್ದರು. ಮೂರು ವಾರವಾಗುವಷ್ಟರಲ್ಲಿ ಒಂದು ಬೆಳಿಗ್ಗೆ ಕೂಸಿನ ತುಟಿ, ಉಗುರು ನೀಲಿಗಟ್ಟಿದವು. ಆಸ್ಪತ್ರೆಗೆ ಓಡಿದರು, ಚೀಲ ಹಿಡಿದುಕೊಂಡು ಅದೇ ಹಾಸ್ಟೆಲ್ಲಿನಲ್ಲಿದ್ದ ನಮ್ಮ ಕಂಡಕ್ಟರರ ಮಗಳೂ ಹೋದಳು. ಹೃದಯದ ತೊಂದರೆ ಇರಬೇಕೆಂದು ವೈದ್ಯೆ ಅನುಮಾನಿಸಿದರು. ಆಗ ಇವಳು ಬಾಯಿಬಿಟ್ಟಳು.

"ಡಾಕ್ಟ್ರೇ, ರಕ್ತದ ಬಣ್ಣ ಒಂದ್ಸಲ ನೋಡ್ತೀರಾ? ಮಗು ಕುಡೀತಿರೋ ನೀರಲ್ಲಿ ನೈಟ್ರೇಟ್ ಇದೆ. ನಾನೇ ಅಳೆದಿದ್ದೀನಿ."

"ಯಾರಮ್ಮ ನೀನು?"

"ಕೆಮಿಸ್ಟ್ರಿ ಓದ್ತಿದ್ದೀನಿ."

ವೈದ್ಯೆ ಕುಲಸಚಿವರಾಗಿರಲಿಲ್ಲ, ಹಾಗಾಗಿ ಕೇಳಿಸಿಕೊಂಡರು. ಸಿರಿಂಜಿಗೆ ಬಂದ ರಕ್ತ ಚಾಕೊಲೇಟಿನಂತೆ ಕಂದುಬಣ್ಣಕ್ಕೆ ತಿರುಗಿತ್ತು. ನೈಟ್ರೇಟಿನಿಂದಾಗಿ ಆಮ್ಲಜನಕ ಹೊರಲಾಗದ ರಕ್ತದ ಬಣ್ಣವದು. ಔಷಧ ಕೊಟ್ಟ ಒಂದು ಗಂಟೆಯಲ್ಲಿ ತುಟಿಗೆ ಕೆಂಪು ಮರಳಿತು. ಕೂಸು ಉಳಿಯಿತು.

ಮರುದಿನ ಅಡುಗೆಯಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಕುದಿಸದೆ ಕೊಟ್ಟೋಳಲ್ಲ ಸರ್ ನಾನು. ಮಗುಗೆ ಅಂತ ಇನ್ನೂ ಜಾಸ್ತಿನೇ ಕುದಿಸ್ತಿದ್ದೆ" ಎಂದರು. ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದದ್ದರಲ್ಲಿ ನೈಟ್ರೇಟಿನ ಪ್ರಮಾಣ ಹೆಚ್ಚುತ್ತದೆಂದು ಅವರಿಗೆ ನಾನಿನ್ನೂ ಹೇಳಿಲ್ಲ. ತಾವು ಬಂದು ಹೇಳುತ್ತೀರಾ?

ರದ್ದಾದ ಕೋರ್ಸಿನ ಜಾಗಕ್ಕೆ 'ಲೋಹಗುಚ್ಛ ವಸ್ತುಗಳು', ಎಂದರೆ ಕೆಲವೇ ಲೋಹದ ಪರಮಾಣುಗಳು ಗೊಂಚಲುಗಟ್ಟಿದ ವಸ್ತುಗಳ ಪಾಠ ಬಂದಿದೆ, ಬಣ್ಣದ ಕರಪತ್ರದ ಸಮೇತ. ಉಪಕರಣವಿಲ್ಲ, ಬಲ್ಲವರಿಲ್ಲ, ಕಳಿಸಿದ ಸ್ಲೈಡುಗಳನ್ನು ಓದಿಹೇಳಿ ಎಂದು ನನಗೇ ಅಪ್ಪಣೆಯಾಗಿದೆ. ವಿಷಯ ಹಗುರವೆಂದು ನಾನು ಹೇಳುತ್ತಿಲ್ಲ. ಬೇಳೆಕಾಳಿನ ಗಿಡಗಳ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುವುದೇ ಕಬ್ಬಿಣ, ಮಾಲಿಬ್ಡಿನಮ್, ಗಂಧಕಗಳ ಒಂದು ಪುಟ್ಟ ಗುಚ್ಛದಿಂದ. ಎರಡೂ ಒಂದೇ ಪಾಠದ ಎರಡು ತುದಿಗಳು. ಒಂದನ್ನು ಓದಿದ್ದರೆ ಇನ್ನೊಂದನ್ನು ಅಳಿಸಲು ತಮ್ಮ ಕೈ ಬರುತ್ತಿರಲಿಲ್ಲ. ಎರಡನ್ನೂ ಓದಿಲ್ಲವೆಂಬುದು ಸುತ್ತೋಲೆಯಲ್ಲೇ ಕಾಣುತ್ತದೆ.

ಇಷ್ಟಾದ ಮೇಲೆ ತಮ್ಮ ಕಚೇರಿ ಎಚ್ಚೆತ್ತಿತು. ಬೋರ್‌ವೆಲ್ ಮುಚ್ಚಲಿಲ್ಲ. ಅನುಮತಿಯಿಲ್ಲದೆ ಪ್ರಯೋಗಾಲಯದ ರಾಸಾಯನಿಕಗಳನ್ನು ಹೊರಗೊಯ್ದದ್ದೇಕೆಂದು ಹುಡುಗಿಗೆ ನೋಟಿಸು ಕೊಟ್ಟಿತು.

ಬೋರ್‌ವೆಲ್ಲನ್ನು ಈ ವಾರವೇ ಮುಚ್ಚಿಸಿ, ಗುಂಡಿ ರಿಪೇರಿ ಮಾಡಿಸಿ, ಕೋರ್ಸನ್ನು ಮರಳಿಸಿ. ನೋಟಿಸಿನ ಮೇಲಿನ ಹೆಸರನ್ನು ಮಾತ್ರ ತಿದ್ದಿ, ನನ್ನದನ್ನು ಬರೆಯಿರಿ. ಆ ರಾಸಾಯನಿಕಗಳ ಬಾಟಲಿಗಳನ್ನು ಅವಳ ಕೈಗಿತ್ತವನು ನಾನು. ತಮ್ಮ ಉತ್ತರ ಬಂದ ದಿನ ಅವಳು ಮುಂದೇನು ಎಂದು ಕೇಳಿದಾಗ, "ಬಿಡಮ್ಮ, ಮಾರ್ಕ್ಸ್ ಬಂತಲ್ಲ" ಎಂದವನೂ ನಾನೇ. ಕೂಸು ಆ ನೀರು ಕುಡಿದ ಮೂರು ವಾರದ ಹೊಣೆ ತಮ್ಮದೆಷ್ಟೋ ನನ್ನದೂ ಅಷ್ಟೇ.

ಇಂತಿ,
ಬಾಯಿ ಬಿಡಲು ತಡಮಾಡಿದ
ತಮ್ಮ ರಸಾಯನಶಾಸ್ತ್ರದ ಮೇಷ್ಟ್ರು