ನೂಲಿಲ್ಲದ ಮಗ್ಗದ ಸದ್ದು

ಅಪ್ಪಾ,

ನಾವು ಮನೆಯಲ್ಲಿ ಆಡುವ ಕನ್ನಡದ ಈ ಅಕ್ಷರ ನಾನು ಬೆಂಗಳೂರಿನ ಬೈಬಲ್ ಕಾಲೇಜಿನಲ್ಲಿ ಕಲಿತದ್ದು. ನೀವು ಇದ್ದಿದ್ದರೂ ಇದನ್ನು ಓದಲು ಆಗುತ್ತಿರಲಿಲ್ಲ.

ನಿನ್ನೆ ಆಫ್ರಿಕಾದ ಮಲಾವಿಯಿಂದ ತಮಿಳುನಾಡಿನ ನಮ್ಮೂರು ನೆಗಮಂಗೆ ಬಂದೆ. ನಿಮ್ಮನ್ನು ಮಣ್ಣು ಮಾಡುವಾಗ ಬರಲಾಗಲಿಲ್ಲ.

ಮಲಾವಿಯಲ್ಲಿ ಪಾದ್ರಿಯಾಗಿ ಭಾನುವಾರದ ಆರಾಧನೆ ಮುಗಿಸಿ, ಸೈಕಲ್ಲಿನಲ್ಲಿ ಮುಂದಿನ ಹಳ್ಳಿಗೆ ಹೋಗುವಾಗ, ಸಿಗ್ನಲ್ ಸಿಗುವ ಒಂದೇ ದಿಬ್ಬದಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ನಾನು ದೀಕ್ಷಾಸ್ನಾನ ಪಡೆದ ದಿನದಿಂದ ನೀವು ನನ್ನೊಡನೆ ಮಾತು ಬಿಟ್ಟಿದ್ದಿರಿ. ಪ್ರತಿ ಸಲವೂ ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ನನ್ನ ದನಿ ಕಿವಿಗೆ ಬೀಳಬಾರದೆಂದೇ ಬಡಿಯುತ್ತಿದ್ದೀರಿ ಎಂದುಕೊಂಡಿದ್ದೆ. "ಫೋನ್ ತಗೊಂಡು ಬೀದಿಗೆ ಹೋಗಮ್ಮ, ಏನೂ ಕೇಳಿಸಲ್ಲ" ಎನ್ನುತ್ತಿದ್ದೆ.

ಇವತ್ತು ನೋಡಿದರೆ ಮಗ್ಗದಲ್ಲಿ ಒಂದು ಎಳೆಯೂ ಇಲ್ಲ. ಯಾವಾಗ ಬಿಚ್ಚಿದಿರಿ ಎಂದು ಅಮ್ಮನನ್ನು ಕೇಳಿದೆ.

"ಹೋದ ವರ್ಷ ಆಡಿ ತಿಂಗಳಲ್ಲೇ ಅವರಿಗೆ ಕಣ್ಣು ಹೋಯ್ತು ಸಾಮಿ, ಆವತ್ತೇ ನೂಲು ತೆಗೆದಾಯ್ತು. ನಿನಗೆ ಹೇಳಬಾರ್ದು ಅಂತ ಆಣೆ ಬೇರೆ. ಆದ್ರೂ ನಿನ್ನ ಫೋನು ಬಂದ್ರೆ ಸಾಕು, ಗೋಡೆ ತಡವಿಕೊಂಡು ಹೋಗಿ ಮಗ್ಗದ ಗುಳೀಲಿ ಇಳಿದು ಕೂರೋರು. ನೂಲಿಲ್ಲದ ಮಗ್ಗದಲ್ಲಿ ಯಾರಿಗೆ ಸೀರೆ ನೇಯ್ತೀರ ಅಂತ ನಗಾಡ್ದೆ. 'ನಮ್ಮ ಪಯ್ಯನಿಗೆ ಮನೆ ಸದ್ದು ಕೇಳಲಿ, ನೀ ಸುಮ್ನಿರು' ಅಂದ್ರು."

ಇವತ್ತೂ ಭಾನುವಾರ. ಮಧ್ಯಾಹ್ನ ನಾನು ಫೋನ್ ಮಾಡುತ್ತಿದ್ದ ಹೊತ್ತಿಗೆ ಗುಳಿಗೆ ಇಳಿದು ನೀವು ಕೂರುತ್ತಿದ್ದಲ್ಲಿ ಕೂತೆ. ಮಗ್ಗದ ಹಲಗೆಯನ್ನು ಎಳೆದು ಎಳೆದು ಬಡಿದೆ. ಒಳಗೆ ಹುರುಳಿ ಆರಿಸುತ್ತಿದ್ದ ಅಮ್ಮ, ರೂಢಿಯಂತೆ, ಫೋನ್ ಎತ್ತಿಕೊಂಡು ಬೀದಿಗೆ ನಡೆದಳು.