ಪಕ್ಕದಲ್ಲಿ ಯಾರೂ ನಿಲ್ಲಬಾರದು

ಗುನ್‌ವೋರ್,

ನೀನು ಮಲಗಿರುವ ಮಣ್ಣೊಳಗೆ ಕಾಗದ ಮುಟ್ಟುವುದಿಲ್ಲ, ಗೊತ್ತು, ಆದರೂ ಕೇಳು. ಈಸ್ಟರ್ ಬಂದರೂ ಬರ್ಚ್ ಮರದ ದಿಮ್ಮಿಗಳು ಸೀಳದೆ ಬಿದ್ದಿದ್ದವು. ಭುಜ ಹೋದಮೇಲೆ ಕೊಡಲಿ ಎತ್ತುವುದು ನನ್ನಿಂದಾಗದು. ಇವತ್ತು ಹಾಮಾರ್ ಪೇಟೆಗೆ ಹೋಗಿ ಸೌದೆ ಸೀಳುವ ಯಂತ್ರ ತಂದೆ, ಬೆನ್ನು ಬಗ್ಗಿಸದೆ ನಿಂತೇ ನಡೆಸುವಂಥದ್ದು.

"ಎರಡೂ ಕೈಲಿ ಎರಡೂ ಹಿಡಿಕೆ ಒತ್ತಿದ್ರೆ ಮಾತ್ರ ಓಡುತ್ತೆ ಅಜ್ಜ," ಎಂದಳು ಅಂಗಡಿಯವಳು. "ದಿಮ್ಮಿ ಹಿಡ್ಕೊಳ್ಳೋಕೆ ಅಂತ ಪಕ್ಕದಲ್ಲಿ ಯಾರನ್ನೂ ನಿಲ್ಲಿಸ್ಕೋಬೇಡಿ."

"ಇಲ್ಲಮ್ಮ, ನಿಲ್ಲಿಸ್ಕೊಳ್ಳಲ್ಲ," ಎಂದೆ.

ಹಿಂದೆಲ್ಲ ದಿಮ್ಮಿ ಅಲುಗದಂತೆ ನೀನೇ ಹಿಡಿಯುತ್ತಿದ್ದೆ. ನಾನು ಕೊಡಲಿ ಎತ್ತಿ "ಕೈ ತೆಗಿಯೇ" ಎಂದು ಗದರಿದರೆ, ನೀನು "ಬೀಸೋ ಮುದುಕ, ನಿನ್ನ ಗುರಿ ನಂಗೊತ್ತು" ಅನ್ನುತ್ತಿದ್ದೆ.

ಸಂಜೆ ಮೊದಲ ದಿಮ್ಮಿ ಇಟ್ಟು ಎರಡೂ ಹಿಡಿಕೆ ಹಿಡಿದೆ. "ಕೈ ತೆಗಿಯೇ" ಎಂದೆ. ಆಮೇಲೆ ಒತ್ತಲಾಗಲಿಲ್ಲ, ನೀನು ತೆಗೆಯಲೆಂದು ಕಾಯುತ್ತ ನಿಂತುಬಿಟ್ಟೆ.