ತಂಬಿಟ್ಟಿಗೆ ಬೇಡವಾದ ಕೈ

ಪ್ರೀತಿಯ ದಮಯಂತಿ ಅತ್ತಿಗೆಗೆ,

ಇಡೀ ಕೊಡಗು ರಾಜ್ಯದಲ್ಲಿ ಅತ್ಯಂತ ಶುಭ್ರವಾದ ಎರಡು ಕೈಗಳು ನಿಮ್ಮ ನಾದಿನಿಯವೇ ಎಂದು ಈ ಮೂಲಕ ಸಕಲ ಬಂಧುಬಾಂಧವರಿಗೆ ಸಾರಲಾಗಿದೆ. ಒಬ್ಬ ರೋಗಿಯನ್ನು ಮುಟ್ಟಿದ ಮೇಲೆ ಕಾರ್ಬಾಲಿಕ್ ಸೋಪು ಹಾಕಿ ತೊಳೆಯದೆ ಇನ್ನೊಬ್ಬರನ್ನು ಮುಟ್ಟಬಾರದು ಎಂಬುದು ನರ್ಸುಗಳ ಧರ್ಮ. ಡಾಕ್ಟರು ಮರೆತರೂ ನಾನು ಬೋಗುಣಿ ಹಿಡಿದು ಅಡ್ಡ ನಿಲ್ಲುತ್ತೇನೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಉತ್ತಯ್ಯ ನನ್ನನ್ನು ಕಂಡರೆ, "ಬಂದ್ಳಪ್ಪಾ ಸೋಪಿನ ಭಗವತಿ, ಕೈ ಬಚ್ಚಿಟ್ಕೊಳ್ಳಿ!" ಎಂದು ಕೂಗುತ್ತಾನೆ. ಎಲ್ಲರೂ ನಗುತ್ತಾರೆ, ಆಮೇಲೆ ಊಟಕ್ಕೆ ಬೇರೆ ಬೆಂಚು ಹುಡುಕಿಕೊಳ್ಳುತ್ತಾರೆ. ಹೀಗಾಗಿ ಭಗವತಿಗೆ ಒಂದಿಡೀ ಬೆಂಚು ಸಿಕ್ಕಿದೆ.

ಹೋದ ಹುತ್ತರಿ ಹಬ್ಬಕ್ಕೆ ಮನೆಗೆ ಬಂದಾಗ ನೀವು ಹೆಂಗಸರೆಲ್ಲ ಸುತ್ತ ಕೂತು ತಂಬಿಟ್ಟಿಗೆ ಬಾಳೆಹಣ್ಣು ಕಿವುಚುತ್ತಿದ್ದಿರಿ. "ನೀನು ಕೈ ಹಾಕ್ಬೇಡ ಮಾರಾಯ್ತಿ, ಕಂಡವರ ಹುಣ್ಣು ಮುಟ್ಟಿದ ಕೈ ಅದು," ಎಂದಿರಿ. ನಾನೂ ನಕ್ಕೆ. ಜಗಲಿಯಲ್ಲಿ ನೆಂಟರ ಹಾಗೆ ಒಬ್ಬಳೇ ಕೂತು ತಿಂದೆ. ತಂಬಿಟ್ಟು ಚೆನ್ನಾಗಿತ್ತು, ನಿಮ್ಮಲ್ಲಿ ಯಾರೂ ಕೈ ತೊಳೆದದ್ದನ್ನು ಮಾತ್ರ ನಾನು ನೋಡಲಿಲ್ಲ.

ಈ ಸಲವೂ ಹಬ್ಬಕ್ಕೆ ರಜೆ ಸಿಕ್ಕಿದೆ. ನಾಪೋಕ್ಲು ಬಸ್ಸು ಎಷ್ಟು ತಡವಾದರೂ ಸರಿ, ನಾಲ್ಕು ಹಣ್ಣನ್ನು ಕಿವುಚದೆ ನನ್ನ ಕೈಗೆಂದು ತೆಗೆದಿಡಿ, ಅತ್ತಿಗೆ.

ನಿಮ್ಮ ನಾದಿನಿ,
ಯಮುನ